ಮಂಜಿನಲ್ಲಿ ಎದ್ದ ಮಹಡಿ

ಕೇಳ್ರಪ್ಪಾ ಮಕ್ಕಳೇ, ಗಲಾಟೆ ಬೇಡ. ಗುಡ್ಡದ ಬುಡದಲ್ಲಿ ಒಂದು ರಾಜ್ಯ. ಅಲ್ಲೊಬ್ಬ ರಾಜ. ರಾಜನ ಹತ್ತಿರ ಒಂದು ಹಾರುವ ಮರದ ಗರುಡ. ಅದನ್ನು ಹಾರಿಸುವವಳು ಹೊನ್ನೂರಮ್ಮ.

ಗರುಡಕ್ಕೊಂದು ಕಟ್ಟಳೆ ಇತ್ತು. ಅದು ಬಯಲಿನಿಂದ ಎದ್ದು ಹೋಗುವ ಹಾದಿಯಲ್ಲಿ ತೆಂಗಿನ ಮರಕ್ಕಿಂತ ಎತ್ತರ ಏನೂ ಇರಬಾರದು. ಇದ್ದರೆ ಹೊನ್ನೂರಮ್ಮನಿಗೆ ಹೇಳಬೇಕು. ಆಗ ಅವಳು ಪಕ್ಕದ ಕೆರೆಯ ಮೇಲೆ ಒಂದು ತೆಂಗಿನ ಮರದೆತ್ತರಕ್ಕೆ ಒಂದು ಸುತ್ತಿನಂತೆ ಸುತ್ತು ಹಾಕಿ, ಬೇಕಾದಷ್ಟು ಮೇಲೇರಿ, ಆಮೇಲೆ ಹಾದಿ ಹಿಡಿಯುತ್ತಿದ್ದಳು.

ಪಾರುಪತ್ಯಗಾರ ದೊಡ್ಡೀರಪ್ಪನ ಮನೆ ಅದೇ ಹಾದಿಯಲ್ಲಿತ್ತು. ಎಂಟು ದಿನ ಮಂಜು ಕವಿದಿತ್ತು ನೋಡಿ, ಆ ಮರೆಯಲ್ಲಿ ಪುಣ್ಯಾತ್ಮ ಮಹಡಿ ಮೇಲೆ ಮಹಡಿ ಏರಿಸಿಬಿಟ್ಟ! ಕೆಳಗೆ ನಿಂತವರಿಗೆ ತುದಿ ಕಾಣಬೇಕಲ್ಲ?

ಒಂಬತ್ತನೇ ದಿನ ಬೆಳಿಗ್ಗೆ ಕುಂಬಾರರ ನೀಲವ್ವನಿಗೆ ಹೆರಿಗೆ ನೋವು. ಮಗು ಅಡ್ಡ ತಿರುಗಿತ್ತು. ಕೈಗುಣದ ಸೂಲಗಿತ್ತಿ ಇದ್ದದ್ದು ಗುಡ್ಡದ ಆಚೆ. ನೀಲವ್ವನನ್ನು ಗರುಡದಲ್ಲಿ ಮಲಗಿಸಿದರು. ಮಂಜು ಇನ್ನೂ ಕರಗಿರಲಿಲ್ಲ.

ಹೊನ್ನೂರಮ್ಮ ಬಯಲಿನಲ್ಲಿ ರಾಜನ ಪಕ್ಕ ನಿಂತಿದ್ದ ಪಾರುಪತ್ಯಗಾರನನ್ನು ಕೇಳಿದಳು: "ಎಂಟು ದಿನದಿಂದ ನಿಮ್ಮನೇಲಿ ಗಾರೆ ಕೆಲಸದ ಸದ್ದು. ಎಷ್ಟೆತ್ತರ ಆಯ್ತು ಬುದ್ಧೀ?"

"ತೆಂಗಿನ ಮರದಷ್ಟೂ ಇಲ್ಲ."

"ಖಂಡಿತಾನಾ?"

"ನನ್ನಾಣೆ!"

"ನೋವು ತಿನ್ನೋ ಹೆಣ್ಣುಮಗಳು ಇದ್ದಾಳೆ. ಇನ್ನೊಂದ್ಸಲ ಯೋಚನೆ ಮಾಡಿ."

"ಎಷ್ಟು ಸಲ ಹೇಳೋದು? ಇಲ್ಲ ಅಂದ್ರೆ ಇಲ್ಲ!"

"ಹಾಗಾದ್ರೆ ಮುಂದಿನ ಪೀಠದಲ್ಲಿ ನೀವೇ ಕೂತ್ಕೊಳ್ಳಿ. ನೇರ ನಿಮ್ಮ ಮನೆ ಮೇಲೇ ಹೋಗೋಣ."

ರಾಜ "ಕೂತ್ಕೋ" ಅಂದ. ಕೂರದೆ ವಿಧಿಯಿಲ್ಲ. ಹೊನ್ನೂರಮ್ಮ ಅವನ ಸೊಂಟಕ್ಕೆ ಪಟ್ಟಿ ಬಿಗಿದಳು. ಗರುಡ ಒಂದು ಸಲ ರೆಕ್ಕೆ ಬಡಿಯಿತು. ಎರಡು ಸಲ ಬಡಿಯಿತು. ಮೂರನೇದಕ್ಕೆ ದೊಡ್ಡೀರಪ್ಪ ಕಿರುಚಿಕೊಂಡ: "ನಿಲ್ಸೇ ತಾಯೀ, ನಿಲ್ಸು! ಮೂರು ತೆಂಗಿನ ಮರದಷ್ಟಿದೆ!"

"ಇಳೀರಿ. ಕೆರೆ ಮೇಲೆ ಮೂರು ಸುತ್ತು, ಜೊತೆಗೊಂದು ಜಾಸ್ತಿ," ಅಂದವಳೇ ಹೊನ್ನೂರಮ್ಮ ಗರುಡ ಎಬ್ಬಿಸಿದಳು.

ಊರಿಗೆ ಊರೇ ಬಯಲಿನಲ್ಲಿ ಕಾಯಿತು. ಮಧ್ಯಾಹ್ನಕ್ಕೆ ಮಂಜು ಹರಿಯಿತು. ಗರುಡ ಇಳಿಯಿತು. ಒಳಗಿಂದ ಕೂಸಿನ ಅಳು! ನೀಲವ್ವನ ತಾಯಿ ಗರುಡದತ್ತ ಓಡಿದಳು. ಅಳುತ್ತಲೇ ನಕ್ಕಳು. ಅಬ್ಬಾ, ಎಲ್ಲರಿಗೂ ಹೋದ ಜೀವ ಬಂದ ಹಾಗಾಯಿತು.

ರಾಜ ಮೆಲ್ಲಗೆ ಕೇಳಿದ: "ಅವನು ಬಾಯಿಬಿಡದಿದ್ರೆ ನೇರ ಹೋಗ್ತಿದ್ಯಾ?"

"ಬಿಡ್ತು ಅನ್ನಿ ಮಹಾಸ್ವಾಮಿ! ಕೆರೆ ಸುತ್ತಿಯೇ ಹೋಗ್ತಿದ್ದೆ. ಎಷ್ಟು ಸುತ್ತು ಅಂತ ಗೊತ್ತಾಗಬೇಕಿತ್ತಲ್ಲ?"

ಆ ಮಹಡಿಗಳನ್ನು ದೊಡ್ಡೀರಪ್ಪನ ಕೈಯಲ್ಲೇ ಕೆಡವಿಸಿದರು. ಅವನು ಒಂದೊಂದೇ ಇಟ್ಟಿಗೆ ಇಳಿಸುವಾಗ ಬೀದಿಯಲ್ಲಿ ನೀಲವ್ವನ ಮಗಳಿಗೆ ತೊಟ್ಟಿಲ ಶಾಸ್ತ್ರ ನಡೀತಿತ್ತು.

ಅದಕ್ಕೇ ಹೇಳೋದು ಮಕ್ಕಳೇ, ಇನ್ನೊಬ್ಬರು ಹೋಗೋ ಹಾದಿಗೆ ಅಡ್ಡ ಕಟ್ಟಬೇಡಿ. ಬುದ್ಧಿಗೆಟ್ಟು ಕಟ್ಟಿದ್ದರೆ, ಅವರು ಹೊರಡೋ ಮುಂಚೆ ಬಾಯಿಬಿಟ್ಟು ಹೇಳಿಬಿಡಿ.