ಕೊಕ್ಕು ಬಿಚ್ಚದ ಗಿಳಿ

ಕಾಡಿನ ಕಾಳುಬ್ಯಾಂಕಿನಲ್ಲಿ ಹತ್ತು ಕಾಳು ಸಾಲ ಪಡೆದವರು ಹನ್ನೊಂದು ಹಿಂದಿರುಗಿಸಬೇಕಿತ್ತು. ಮೇಲಿನ ಆ ಒಂದು ಕಾಳೇ ಬಡ್ಡಿ. ಅದನ್ನು ಏರಿಸುವುದೋ ಇಳಿಸುವುದೋ ಎಂದು ತೀರ್ಮಾನಿಸಲು ಒಂದು ಸಮಿತಿಯಿತ್ತು. ಸಭೆಗೆ ಏಳು ದಿನ ಮುಂಚಿನಿಂದ ಸದಸ್ಯರು ಬಡ್ಡಿಯ ವಿಚಾರದಲ್ಲಿ ತುಟಿಪಿಟಕ್ಕೆನ್ನಬಾರದು ಎಂಬುದು ಅಲ್ಲಿಯ ಕಟ್ಟಳೆ.

ಸಮಿತಿಗೆ ಹೊಸದಾಗಿ ಸೇರಿದ್ದ ಗಿಳಿಗೆ ಇದು ಪ್ರಾಣಸಂಕಟ. ಅಳಿಲು ಕೆಣಕಿತು, ಮೈನಾ ಪುಸಲಾಯಿಸಿತು. ಗಿಳಿ ಮಾತ್ರ ಕೊಕ್ಕು ಬಿಚ್ಚಲಿಲ್ಲ. ಆದರೆ ಸಭೆಯ ಹಿಂದಿನ ದಿನ, 'ಬಡ್ಡಿ ಏರಿದರೂ ಏರಬಹುದು, ಯಾವುದಕ್ಕೂ ಇರಲಿ' ಎಂದುಕೊಂಡು ಬ್ಯಾಂಕಿಗೆ ಹೋಗಿ ಒಂದು ಚೀಲ ಕಾಳು ಸಾಲ ತಂದಿತು.

ಅದನ್ನು ಕಂಡದ್ದೇ ತಡ, "ಬಡ್ಡಿ ಏರುತ್ತದೆ!" ಎಂದು ಕಾಡಿಗೆ ಕಾಡೇ ಸಾಲಕ್ಕೆ ಮುಗಿಬಿತ್ತು. ಸಂಜೆಯೊಳಗೆ ಕಣಜದ ತಳ ಕಂಡಿತು.

ಮರುದಿನ ಸಭೆಯಲ್ಲಿ ಅಧ್ಯಕ್ಷೆ ಆನೆ ಹೇಳಿತು, "ಬಡ್ಡಿ ಇಳಿಸೋಣವೆಂದಿದ್ದೆ. ಈಗ ಏರಿಸದೆ ಬೇರೆ ದಾರಿಯಿಲ್ಲ."

"ಅಧ್ಯಕ್ಷರೇ, ನಾನಂತೂ ಒಂದು ಮಾತೂ ಆಡಲಿಲ್ಲ!" ಎಂದು ಗಿಳಿ ಎದೆಯುಬ್ಬಿಸಿತು.

"ಹೌದಪ್ಪಾ, ನೀನು ಆಡಲಿಲ್ಲ," ಎಂದು ಆನೆ ನಕ್ಕಿತು. "ಇಡೀ ಕಾಡಿಗೆ ಸಾರಿದ್ದು ನಿನ್ನ ಚೀಲ."