ಕೆಂಪು ಕಾರಿನ ನಡುಕ

ಹರಿಹರದ ಹೊಳೆ ದಂಡೆಯಲ್ಲಿ ಬುಡೇನ್ ಸಾಬರ ಗ್ಯಾರೇಜು. ಬೇಕಾದರೆ ಆಶ್ರಮ ಅನ್ನಿ, ಆಯಿಲ್ ವಾಸನೆ ಒಂದು ಹೆಚ್ಚು. ಶಿಷ್ಯ ಹಾಲೇಶ ಅಲ್ಲಿ ಪಾನಾ ಹಿಡಿದು ಒಂಬತ್ತು ವರ್ಷ ಆಗಿತ್ತು.

ಆವತ್ತು ಅವನು ವಿಮಲಾಕ್ಷಮ್ಮನವರ ಹಳೇ ಸ್ಪೋರ್ಟ್ಸ್ ಕಾರಿನ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಿದ್ದ. ದಸರಾ ಕಳೆದಾಗಿನಿಂದ ಆ ಕೆಂಪು ಕಾರು ಬೆಳಿಗ್ಗೆ ಸ್ಟಾರ್ಟ್ ಆಗಲು ಸತಾಯಿಸುತ್ತಿತ್ತು. ಹೇಗೋ ಸ್ಟಾರ್ಟ್ ಆದರೂ, ಆಕ್ಸಿಲರೇಟರಿನಿಂದ ಕಾಲು ತೆಗೆದ ಕೂಡಲೇ ಗಡಗಡ ನಡುಗಿ ನಿಂತುಬಿಡುತ್ತಿತ್ತು.

"ಎಂಜಿನ್ ಇಳಿಸಬೇಕು ಅಮ್ಮಾ," ಎಂದಿದ್ದ ಹಾಲೇಶ.

"ಅಷ್ಟೆಲ್ಲ ಈ ವಯಸ್ಸಲ್ಲಿ ನನ್ನ ಕೈಲಾಗಲ್ಲಪ್ಪ. ಮಧ್ಯಾಹ್ನ ಗುಜರಿಯವರಿಗೆ ಬರೋಕೆ ಹೇಳಿದೀನಿ," ಎಂದರು ಅವರು. "ನಾನು ಡ್ರೈವಿಂಗ್ ಕಲಿತದ್ದೇ ಇದರಲ್ಲಿ."

ಬೆಂಚಿನ ಮೇಲೆ ಕಾರಿಗೆ ಬೆನ್ನು ತಿರುಗಿಸಿ ಕೂತರು.

ಬುಡೇನ್ ಸಾಬರು ಟೀ ಲೋಟ ಹಿಡಿದು ಬಂದರು.

"ಏನೇನು ನೋಡ್ದೆ?"

"ಪ್ಲಗ್, ಪಾಯಿಂಟ್, ಕಾಯಿಲ್, ಟೈಮಿಂಗ್. ಎಲ್ಲಾ ಬಿಚ್ಚಿ ನೋಡ್ದೆ ಉಸ್ತಾದ್."

"ಅವನ್ನೆಲ್ಲ ಹಾಕಿದ್ದು ಯಾರು?"

"ಯಾವನೋ ಬೇರೆ ಮೆಕ್ಯಾನಿಕ್ಕು. ಅದಕ್ಕೇ ಒಂದೊಂದೂ ಬಿಚ್ಚಿದ್ದು."

"ಕಾರ್ಬೊರೇಟರು?"

"ಅದನ್ನ ನೋಡೋದೇ ಬೇಡ. ಆಯುಧಪೂಜೆ ದಿನ ನಾನೇ ತೊಳೆದು ಫಳಫಳ ಅನ್ನಿಸಿದ್ದೆ."

ಸಾಬರು ಟೀ ಒಂದು ಗುಟುಕು ಕುಡಿದರು.

"ಸ್ಟಾರ್ಟ್ ಮಾಡು. ಜೋರಾಗಿ ಒತ್ತು."

ಹತ್ತು ಸಲ ಕೀ ತಿರುಗಿಸಿದ ಮೇಲೆ ಎಂಜಿನ್ ಎದ್ದಿತು. ಒತ್ತಿದಷ್ಟು ಹೊತ್ತೂ ಚೆನ್ನಾಗಿ ಓಡಿತು. ಕಾಲು ತೆಗೆದದ್ದೇ ತಡ, ಮತ್ತೆ ನಡುಗಿ ನಿಂತಿತು.

ಸಾಬರು ಸ್ಕ್ರೂ ಡ್ರೈವರ್ ಚಾಚಿದರು.

"ಕಾರ್ಬೊರೇಟರು ಬಿಚ್ಚು."

"ಅದು ಸರಿ ಇದೆ ಉಸ್ತಾದ್."

"ಹಾಗಾದ್ರೆ ಸರಿ ಇರೋದನ್ನೇ ಬಿಚ್ಚು."

ಹಾಲೇಶ ಮುಖ ಊದಿಸಿಕೊಂಡೇ ಬಿಚ್ಚಿದ. ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ ಪೆಟ್ರೋಲು ಹಾಯುವ ಪುಟ್ಟ ಕೊಳವೆ, ಅಂದರೆ ಜೆಟ್ಟಿನಲ್ಲಿ, ಇರುವುದೇ ಸೂಜಿಮೊನೆಯಷ್ಟು ತೂತು. ಅದನ್ನು ಆಕಾಶಕ್ಕೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದ. ಬೆಳಕು ಕಾಣಲಿಲ್ಲ.

ಪಂಪಿನಿಂದ ಗಾಳಿ ಹೊಡೆದ. ಕೆಂಪಗಿನ ಕೆಸರು ಹನಿಯೊಂದು ಅಂಗೈ ಮೇಲೆ ಬಿತ್ತು. ಬೆರಳಲ್ಲಿ ಉಜ್ಜಿ ನೋಡಿದ. ಕುಂಕುಮ.

ಆಗ ನೆನಪಾಯಿತು. ಹಬ್ಬದ ದಿನ ಏರ್ ಫಿಲ್ಟರ್ ಹಾಕುವ ಮೊದಲೇ, ಭಕ್ತಿ ಹೆಚ್ಚಾಗಿ, ಕಾರ್ಬೊರೇಟರಿನ ಬಾಯಿಗೂ ಒಂದು ದೊಡ್ಡ ಬೊಟ್ಟು ಇಟ್ಟಿದ್ದ. ಒಣಗಿ ಉದುರಿದ ಪುಡಿಯೆಲ್ಲ ಒಳಗೆ ಹೋಗಿತ್ತು.

ಅವನಿಗೆ ನಾಚಿಕೆಯಾಯಿತು. ಆದರೂ ಬೆಂಚಿನ ಹತ್ತಿರ ಹೋಗಿ ಹೇಳಿದ.

"ಅಮ್ಮಾ, ಎಂಜಿನ್ ಕೆಟ್ಟಿಲ್ಲ. ಕಾರ್ಬೊರೇಟರು ಕೆಡಿಸಿದ್ದು ನಾನು. ಇದು ನಾನಿಟ್ಟ ಕುಂಕುಮ."

ವಿಮಲಾಕ್ಷಮ್ಮ ಅವನ ಅಂಗೈಯನ್ನೇ ನೋಡಿದರು. "ಮೊದಲು ಸ್ಟಾರ್ಟ್ ಮಾಡಪ್ಪ. ಬೈಯೋದು ಆಮೇಲೆ."

ತೊಳೆದು ಜೋಡಿಸಿ ಕೀ ತಿರುಗಿಸಿದ. ಒಂದೇ ಸಲಕ್ಕೆ ಹತ್ತಿಕೊಂಡಿತು. ಕಾಲು ತೆಗೆದ. ನಿಲ್ಲಲಿಲ್ಲ. ಸಾಬರು ಅರ್ಧ ಟೀ ಇದ್ದ ಲೋಟವನ್ನು ಎಂಜಿನ್ ಪಕ್ಕದ ತಗಡಿನ ಮೇಲೆ ಇಟ್ಟರು. ಟೀ ತುಳುಕಲಿಲ್ಲ.

ವಿಮಲಾಕ್ಷಮ್ಮ ಬೈಯುವುದನ್ನೇ ಮರೆತರು. ಗುಜರಿಯವನಿಗೆ ಫೋನು ಮಾಡಿ, "ಬರಬೇಡಪ್ಪ, ಕಾರು ಕೊಡಲ್ಲ, ನಾನೇ ಓಡಿಸ್ಕೊಂಡು ಹೊರಟೆ," ಎಂದರು. ನಗುತ್ತಲೇ ಕಣ್ಣೊರೆಸಿಕೊಂಡು, ಸೀಟಿನಲ್ಲಿ ಕೂತು, ಸೇತುವೆ ಕಡೆ ಕಾರು ತಿರುಗಿಸಿದರು.

ಹಾಲೇಶ ಉಸಿರು ಬಿಟ್ಟ. ಎಷ್ಟೋ ದಿನದ ಮೇಲೆ ಎದೆ ಹಗುರಾಗಿತ್ತು.

"ಇನ್ಮೇಲೆ ಕಾರ್ಬೊರೇಟರಿಗೆ ಕುಂಕುಮ ಇಡಲ್ಲ ಉಸ್ತಾದ್."

"ಯಾಕೆ? ಇಡು," ಎಂದರು ಬುಡೇನ್ ಸಾಬರು. "ಇಟ್ಟಮೇಲೆ, ಅದನ್ನ ಯಾವನೋ ಬೇರೆ ಮೆಕ್ಯಾನಿಕ್ಕು ಇಟ್ಟಿದಾನೆ ಅಂದ್ಕೊಂಡು ಒಂದ್ಸಲ ನೋಡು."