ಜಗಳಗುಡ್ಡ

ಬೀರನಾಳದ ಬಡಗಣಕ್ಕೆ ಎದ್ದು ನಿಂತ ಬೋಳುಗುಡ್ಡವನ್ನು ಜನ ಇಂದಿಗೂ ಜಗಳಗುಡ್ಡ ಎಂದೇ ಕರೆಯುತ್ತಾರೆ. ನೆತ್ತಿಯ ಮೇಲೆ ಆಳೆತ್ತರದ ಕಲ್ಲುಗೋಡೆಯ ಕುರಿದೊಡ್ಡಿ, ಅದಕ್ಕೆ ಒಬ್ಬರು ನುಸುಳುವಷ್ಟು ಕಿಂಡಿ, ಕಿಂಡಿಯ ಹೊರಗೊಂದು ಹಾಸುಗಲ್ಲು. ಹೆಸರು ಕೇಳಿದ ಪರವೂರಿನವರು ಇಲ್ಲಿ ಯಾವ ಅರಸರು ಕಾದಾಡಿದರು ಎಂದು ವಿಚಾರಿಸುವುದುಂಟು. ಅರಸರಿಗೇನು ಬೇರೆ ಕೆಲಸವಿರಲಿಲ್ಲವೇ, ಈ ಬೋಳುಗುಡ್ಡಕ್ಕೆ ಬಂದು ತಲೆ ಒಡೆದುಕೊಳ್ಳಲು! ನಡೆದದ್ದೇ ಬೇರೆ.

ಹಿಂದೆ ಒಮ್ಮೆ, ಹಿಂಗಾರಿ ಜೋಳ ತೆನೆ ಹಿರಿದಿದ್ದ ಕಾಲದಲ್ಲಿ, ಬೋರಲು ಹಾಕಿದ ಕೊಪ್ಪರಿಗೆಯಂಥದ್ದೊಂದು ಮುಗಿಲಿನಿಂದ ಊರ ಹೊಲಕ್ಕೆ ಇಳಿಯಿತಂತೆ. ಅದರೊಳಗಿನಿಂದ ಬಂದವರಿಗೆ ಸ್ವಂತ ಮುಖವೇ ಇರಲಿಲ್ಲ ಎನ್ನುತ್ತಾರೆ. ಯಾರನ್ನು ಹಿಡಿದೊಯ್ಯುತ್ತಿದ್ದರೋ ಅವರ ಮುಖ, ಅವರ ದನಿ, ಅವರ ನೆಂಟರಿಷ್ಟರ ಹೆಸರು ಎಲ್ಲವನ್ನೂ ಹೊತ್ತು ಮರಳುತ್ತಿದ್ದರು. ಬೀಗರಾಗಿ, ನೆರೆಯವರಾಗಿ ಬಾಗಿಲು ತಟ್ಟಿ ಊರನ್ನು ಬರಿದು ಮಾಡಿದರು. ಉಳಿದವರು ಗುಡ್ಡದ ದೊಡ್ಡಿ ಸೇರಿದರು. ಕಿಂಡಿ ಕಾಯಲು ನಿಂತವಳು ಮಾಳವ್ವ, ಕುರಿ ಕಾಯುತ್ತಿದ್ದ ಹದಿಹರೆಯದ ಹುಡುಗಿ. ಹೆತ್ತವರನ್ನು ಮುಗಿಲಿನವರು ಒಯ್ದ ಮೇಲೆ ಅವಳಿಗೆ ಉಳಿದವನು ಅಣ್ಣ ಅಮೋಗಿ ಒಬ್ಬನೇ. ಒಂದು ದಿನ ಚಿಕ್ಕಮ್ಮನ ಮುಖ ಹೊತ್ತು ಬಂದವಳು ಅಂಬಲಿಗೆ ಉಪ್ಪು ಕೇಳಿ ಅಂಗೈ ಚಾಚಿದಳು. ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದೆ, ಕೆಳಗಿಡಬೇಕು, ಬೇಕಾದವರು ಎತ್ತಿಕೊಳ್ಳಬೇಕು ಎಂಬುದು ಆ ಸೀಮೆಯ ಹಸುಗೂಸಿಗೂ ಗೊತ್ತು. ಮಾಳವ್ವನಿಗೆ ಅನುಮಾನ ಹೊಕ್ಕಿತು. ಅಂದಿನಿಂದ ಬಂದವರೆಲ್ಲರಿಗೂ ಕಿಂಡಿಯಿಂದ ಉಪ್ಪು ನೀಡಿ ನೋಡುತ್ತಿದ್ದಳು. ಕೆಳಗಿಡು ಎಂದವರು ಒಳಗೆ, ಅಂಗೈ ಚಾಚಿದವರಿಗೆ ಕವಣೆಕಲ್ಲು.

ಇದನ್ನು ಕೆಡಿಸಿದವಳು ಕರೆವ್ವಜ್ಜಿ. ಒಳ್ಳೆಯ ಮುದುಕಿಯೇ, ಆದರೆ ರೂಢಿ ತಪ್ಪಿದವರನ್ನು ಕಂಡರೆ ಅವಳ ನಾಲಿಗೆ ಸುಮ್ಮನಿರದು. ಕೈ ಚಾಚಿ ಸಿಕ್ಕಿಬಿದ್ದವನೊಬ್ಬನಿಗೆ ಗೋಡೆಯ ಮೇಲಿಂದ ಬೈದೇಬಿಟ್ಟಳು: "ಉಪ್ಪ ಕೈಯಾಗ ಇಸ್ಕೊಂಡ್ರ ಜಗಳ ಆಗ್ತೈತಿ, ಕೆಳಗಿಟ್ಟಿದ್ದು ತಗೋಬೇಕು! ನಿಮ್ಮವ್ವ ಇಷ್ಟೂ ಕಲಿಸಿಲ್ಲೇನ?" ಅವನು ಕೇಳಿಸಿಕೊಂಡು ಹೋದ. ಅದೇ ಹೊತ್ತಿನಲ್ಲಿ ನೀರಿಗೆಂದು ಹಳ್ಳಕ್ಕೆ ಇಳಿದ ಅಮೋಗಿ ಮರಳಲಿಲ್ಲ. ಮಾರನೆಯ ದಿನ ಬಂದ. "ಕೆಳಗಿಡು ತಂಗಿ" ಎಂದು ಹಾಸುಗಲ್ಲಿನ ಮೇಲಿಂದ ಉಪ್ಪನ್ನು ಎತ್ತಿಕೊಂಡ. ದೊಡ್ಡಿಯವರೆಲ್ಲ ಹಿಗ್ಗಿದರು. ಮಾಳವ್ವ ಮಾತ್ರ ಕಿಂಡಿ ಬಿಟ್ಟು ಸರಿಯಲಿಲ್ಲ. ಊರಿಗೆಲ್ಲ ಒಂದು ದಾರಿಯಾದರೆ ಅವಳಣ್ಣನಿಗೆ ಇನ್ನೊಂದು; ತಂಗಿಯನ್ನು ಕಾಡಿಸಲೆಂದೇ ಉಪ್ಪನ್ನು ಅವಳ ಕೈಯಿಂದಲೇ ಕಿತ್ತುಕೊಂಡು ತಿನ್ನುತ್ತಿದ್ದ ಭೂಪ ಅವನು. ಅವಳು ಕವಣೆ ಬೀಸಿ ಅವನನ್ನು ಓಡಿಸಿದಳು. ಒಡಹುಟ್ಟಿದವನನ್ನೇ ಅಟ್ಟಿದ ಕಲ್ಲೆದೆಯವಳು ಎಂದು ಎಲ್ಲರೂ ಉಗಿದರು. ಗುಟ್ಟು ಹೇಳಿದರೆ ಅದೂ ಮುಗಿಲಿನವರ ಕಿವಿಗೆ ಬಿದ್ದೀತೆಂದು ಅವಳು ಬಾಯಿ ಬಿಡಲಿಲ್ಲ. ನಿಜವಾಗಿ ಅಣ್ಣನೇ ಆಗಿದ್ದರೆ, ಹೆದರಿ ನೆಟ್ಟಗಾಗಿದ್ದರೆ ಎಂದು ನೆನೆದು ಅನ್ನ ಮುಟ್ಟದೆ ಅತ್ತಳು.

ಮರುದಿನ ಬಿಸಿಲೇರುವಾಗ ಇನ್ನೊಬ್ಬ ಅಮೋಗಿ ಗುಡ್ಡ ಹತ್ತಿ ಬಂದ. ಮೈತುಂಬ ತರಚು, ತುಟಿ ಒಡೆದಿತ್ತು. ಮಾಳವ್ವ ಉಪ್ಪು ನೀಡಿದಳು. ಅವನು ಅಂಗೈ ಚಾಚಿದ. ಗೋಡೆಯ ಮೇಲೆ ಕವಣೆಗಳೆಲ್ಲ ಎದ್ದವು. ತಪ್ಪಿದರೆ ದೊಡ್ಡಿಯೇ ಹಾಳು, ತಡಮಾಡಿದರೆ ಅಣ್ಣನ ಹೆಣ. ಅವಳು ಕಿಂಡಿಯಿಂದ ಹೊರಬಂದು ಕವಣೆಗಳಿಗೆ ಅಡ್ಡ ನಿಂತಳು. "ಕೆಳಗಿಡಲೇನ?" ಎಂದು ಕೇಳಿದಳು.

"ಯಾಕ, ನನ್ನ ಕೈ ಸತ್ತೈತೇನ? ಜಗಳ ಆದ್ರ ಆಗ್ಲಿ, ಕೊಡ ಇಲ್ಲಿ!"

ಅವಳು ಅಂಗೈಗೆ ಉಪ್ಪು ಸುರಿದು, ಬೆನ್ನಿಗೊಂದು ಗುದ್ದಿ, ಎಲ್ಲಿ ಹಾಳಾಗಿ ಹೋಗಿದ್ದಿ ಎಂದು ಬಾಯಿ ಮಾಡಿದಳು. ನನ್ನ ಮುಖ ಹೊತ್ತವನನ್ನು ಕಳಿಸಿ ಕಾವಲು ಸಡಿಲಿಸಿದರು, ಸಾಯದೆ ಓಡಿ ಬಂದರೆ ಗುದ್ದುತ್ತೀಯಾ ಎಂದು ಅವನೂ ಸುಮ್ಮನಿರಲಿಲ್ಲ. ಇಬ್ಬರೂ ಅಳುತ್ತಲೇ ಎಳೆಯಂದಿನದನ್ನೆಲ್ಲ ಕೆದಕಿ ಕಚ್ಚಾಡಿದರು. ಇಂಥ ಜಗಳವನ್ನು ಯಾರೂ ಕಲಿತು ಆಡಲಾರರೆಂದು ಕರೆವ್ವಜ್ಜಿಯೇ ಮೊದಲು ಕವಣೆ ಇಳಿಸಿದಳಂತೆ. ಆಮೇಲೆ ಬಂದವರನ್ನೆಲ್ಲ ಅವರವರ ಮನೆಯವರೇ ಜಗಳಕ್ಕೆ ಕರೆದು ನೋಡಿದರು. ಒಳಗೆ ಬಿಡುವವರಿಲ್ಲದ ಮೇಲೆ ಮುಗಿಲಿನವರು ಎಷ್ಟು ಕಾಲ ಕಾದಾರು? ಕೊಪ್ಪರಿಗೆ ಬಂದ ದಾರಿ ಹಿಡಿಯಿತು ಎನ್ನುತ್ತಾರೆ.

ಈಗಲೂ ಗುಡ್ಡ ಹತ್ತಿದವರು ಕಾಣಬಹುದು: ಅಣ್ಣ-ತಂಗಿ, ಅಕ್ಕ-ತಮ್ಮ ಜೋಡಿಯಾಗಿ ಬಂದು ಉಪ್ಪನ್ನು ಕೈಯಿಂದ ಕೈಗೆ ಕೊಟ್ಟು, ಗಂಟಲು ಹರಿಯುವಂತೆ ಜಗಳವಾಡುತ್ತಾರೆ. ಬಿಡಿಸಲು ಹೋಗಬಾರದು. ಜಗಳಕ್ಕೆ ಯಾರೂ ಉಳಿಯದವರು ಮಾತ್ರ ಉಪ್ಪನ್ನು ಹಾಸುಗಲ್ಲಿನ ಮೇಲಿಟ್ಟು, ತುಸು ಹೊತ್ತು ನಿಂತು, ಇಳಿದು ಹೋಗುತ್ತಾರೆ.